ಚಾರ್ಮಾಡಿಯಲ್ಲಿ ಸದ್ದು ಮಾಡದ ಫ್ಯಾನು

ಧರ್ಮಸ್ಥಳಕ್ಕೆ ಹೊರಟ ಆ ಸಲ ಕಾರಿನ ಟೆಂಪರೇಚರ್ ಸೂಜಿ ಮೊದಲು ಮೇಲೆ ಹೋಗಿದ್ದು ನೆಲಮಂಗಲದ ಟೋಲ್ ಹತ್ತಿರ. ಏಪ್ರಿಲ್ ತಿಂಗಳ ಶನಿವಾರ, ಬೆಳಿಗ್ಗೆ ಏಳು ಗಂಟೆ. ಅರ್ಧ ಬೆಂಗಳೂರು ಊರು ಬಿಟ್ಟು ಹೊರಟಿತ್ತು. ನಾವೂ ಆ ಸಾಲಿನಲ್ಲಿ ಒಬ್ಬರು. ಒಂದು ಕಾರಿನಷ್ಟು ಮುಂದೆ ಹೋಗುವುದು, ಎರಡು ನಿಮಿಷ ನಿಲ್ಲುವುದು. ಹೆಂಡತಿ ಸ್ಟೀರಿಂಗ್ ಹಿಡಿದಿದ್ದಳು, ನಾನು ಪಕ್ಕದಲ್ಲಿದ್ದೆ, ಅಮ್ಮ ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದು ಕೂತಿದ್ದರು. "ಟೆಂಪರೇಚರ್ ಮುಕ್ಕಾಲಿಗೆ ಬಂತು ನೋಡಿ" ಅಂದಳು ಹೆಂಡತಿ. "ಟ್ರಾಫಿಕ್ ಅಲ್ವಾ, ಹಾಗೇ ಆಗುತ್ತೆ" ಅಂದೆ ನಾನು. ಹಾಸನದ ಕಡೆ ತಿರುಗಿ ರಸ್ತೆ ಖಾಲಿಯಾಗುತ್ತಿದ್ದಂತೆ ಸೂಜಿ ತಾನಾಗಿಯೇ ಕೆಳಗಿಳಿಯಿತು. ಕುಣಿಗಲ್ ದಾಟುವಾಗ ನಾನು ಅದನ್ನು ಮರೆತೇಬಿಟ್ಟಿದ್ದೆ.

ಹದಿನೆಂಟು ವರ್ಷದ ಪುಟ್ಟ ಕಾರು ನಮ್ಮದು. ಎಸಿ ಗ್ಯಾಸ್ ಖಾಲಿಯಾಗಿ ಯಾವ ಕಾಲವಾಯಿತೋ. ಹೊರಡುವ ಹದಿನೈದು ದಿನ ಮುಂಚೆ ಬೆಂಗಳೂರಿನ ಒಂದು ಗ್ಯಾರೇಜಿಗೆ ಒಯ್ದಿದ್ದೆ. ಸಿಗ್ನಲ್‌ನಲ್ಲಿ ಗಾಡಿ ಹೀಟ್ ಆಗ್ತಿದೆ ಅಂದೆ. ಅವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಸಾರ್, ಹೆಡ್ ಇಳಿಸಬೇಕು, ಹನ್ನೆರಡು ಸಾವಿರ ಆಗುತ್ತೆ" ಅಂದರು. ಇಂಜಿನ್ನಿನ ಮೇಲ್ಭಾಗಕ್ಕೂ (ಅದೇ ಹೆಡ್) ಕೆಳಭಾಗಕ್ಕೂ ನಡುವೆ ಕೂರುವ ಸೀಲು ಅದು. ನನಗೆ ಎದೆ ಧಸಕ್ಕೆಂದಿತು. ಸದ್ಯಕ್ಕೆ ಇಂಜಿನ್ ತಣ್ಣಗಿಡುವ ನೀರು, ಅಂದರೆ ಕೂಲೆಂಟ್ ಬದಲಾಯಿಸಿ ಸಾಕು ಅಂದು ವಾಪಸ್ ತಂದೆ. ಧೈರ್ಯದಿಂದಲ್ಲ, ದುಡ್ಡಿಲ್ಲದೆ.

ಹೋಗುವಾಗ ಯಾವ ತೊಂದರೆಯೂ ಆಗಲಿಲ್ಲ. ಹಾಸನದಲ್ಲಿ ಕಾಫಿ, ಬೇಲೂರಿನಲ್ಲಿ ದೇವಸ್ಥಾನ. ಮೂಡಿಗೆರೆ ಹತ್ತಿರವಾಗುತ್ತಿದ್ದಂತೆ ಕಿಟಕಿಯಿಂದ ಘಮ್ಮಂತ ವಾಸನೆ ಬಂತು. ಅಮ್ಮ ಮಲ್ಲಿಗೆ ತೋಟ ಅಂದುಕೊಂಡರು. ಅದು ಕಾಫಿ ಹೂವು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಒಟ್ಟಿಗೆ ಬಿಳಿಯಾಗಿಬಿಡುತ್ತವೆ, ಎರಡು ಮೂರು ದಿನ ಇರುತ್ತವೆ, ಆಮೇಲೆ ಬಾಡುತ್ತವೆ. ನಾವು ಹೋಗಿದ್ದು ಸರಿಯಾಗಿ ಆ ಎರಡು ಮೂರು ದಿನದಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದೆವು. ಇಳಿಜಾರಿನಲ್ಲಿ ಇಂಜಿನ್‌ಗೆ ಕೆಲಸವೇ ಇಲ್ಲ. ಸೂಜಿ ಅರ್ಧಕ್ಕಿಂತ ಕೆಳಗೇ ಮಲಗಿತ್ತು. ನೋಡು, ಏನೂ ಆಗಿಲ್ಲ ಅಂತ ನಾನು ಎರಡು ಸಲ ಹೇಳಿದೆ. ಧರ್ಮಸ್ಥಳದಲ್ಲಿ ಎರಡು ರಾತ್ರಿ. ನೇತ್ರಾವತಿಯಲ್ಲಿ ಮೊಣಕಾಲುದ್ದ ನೀರು. ದರ್ಶನ, ಊಟ ಎಲ್ಲ ಸಾಂಗವಾಗಿ ಆಯಿತು.

ಸೋಮವಾರ ಹನ್ನೊಂದು ಗಂಟೆಗೆ ಉಜಿರೆ ಬಿಟ್ಟೆವು. ಬೇಗ ಹೊರಡಬೇಕಿತ್ತು. ಆ ಹೊತ್ತಿಗೆ ಕರಾವಳಿಯ ಸೆಖೆ ಅಂದರೆ ಅಂಗಿ ಬೆನ್ನಿಗೆ ಅಂಟಿಕೊಳ್ಳುವ ಸೆಖೆ. ಚಾರ್ಮಾಡಿ ಊರು ದಾಟಿ ಏರು ಶುರುವಾಯಿತು. ಎರಡನೇ ಗೇರು, ಒಮ್ಮೊಮ್ಮೆ ಮೊದಲನೇ ಗೇರು. 2019ರ ಆಗಸ್ಟ್ ಮಳೆಗೆ ಈ ಘಾಟಿಯಲ್ಲಿ ಗುಡ್ಡ ಕುಸಿದು ದೊಡ್ಡ ಗಾಡಿಗಳಿಗೆ ತಿಂಗಳುಗಟ್ಟಲೆ ದಾರಿ ಮುಚ್ಚಿತ್ತು. ಇಕ್ಕಟ್ಟಾದ ಜಾಗಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು ನಿಲ್ಲಬೇಕಿತ್ತು. ಹಾಗೆ ಒಂದು ಕಡೆ ಐದಾರು ನಿಮಿಷ ನಿಂತೆವು. ಸೂಜಿ ಕಾಲು ಗೆರೆಯಷ್ಟು ಏರಿತು. ಮುಂದಿನ ತಿರುವಿಗೆ ಇನ್ನಷ್ಟು. ಅಣ್ಣಪ್ಪ ಸ್ವಾಮಿ ಗುಡಿ ಇನ್ನೂ ಸ್ವಲ್ಪ ಮೇಲಿದೆ ಅನ್ನುವಾಗ ಕೆಂಪು ಗೆರೆ ಮುಟ್ಟಿತು.

"ಹೀಟರ್ ಹಾಕು" ಅಂದೆ.

ಹೆಂಡತಿ ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ. ಆದರೆ ಇದು ನಿಜವಾಗಿಯೂ ಕೆಲಸ ಮಾಡುವ ಉಪಾಯ. ಕಾರಿನ ಹೀಟರ್ ಅಂದರೆ ಇಂಜಿನ್ನಿನ ನೀರು ಆರಿಸುವ ಇನ್ನೊಂದು ಚಿಕ್ಕ ರೇಡಿಯೇಟರ್, ಅಷ್ಟೇ. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿದು ಆ ಬಿಸಿಯನ್ನು ನಮ್ಮ ಮುಖಕ್ಕೆ ಊದುತ್ತದೆ. ಇಂಜಿನ್‌ಗೆ ಅಷ್ಟು ಹಗುರ. ಕಿಟಕಿ ಪೂರ್ತಿ ಇಳಿಸಿ, ಬ್ಲೋವರ್ ಜೋರು ಮಾಡಿ ಇನ್ನೊಂದು ತಿರುವು ಏರಿದೆವು. ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಒಲೆ ಮುಂದೆ ಕೂತ ಹಾಗಿದೆ" ಅಂದರು. ಅಗಲ ಜಾಗ ಸಿಕ್ಕ ತಕ್ಷಣ ನಿಲ್ಲಿಸಿದೆವು. ಬಾನೆಟ್ ಸಂದಿಯಿಂದ ಆವಿ ಬರುತ್ತಿತ್ತು.

ಇಳಿದವನೇ ನಾನು ಮಾಡಹೊರಟ ಮೊದಲ ಕೆಲಸವೇ ತಪ್ಪು. ಟವಲ್ ಸುತ್ತಿಕೊಂಡು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದೆ. "ಕುಕ್ಕರ್ ಮುಚ್ಚಳ ಹಾಗೇ ತೆಗೀತೀರಾ?" ಅಂತ ಹೆಂಡತಿ ಕೂಗಿದಳು. ನಿಜವೇ. ಕ್ಯಾಪ್ ಅಂದರೆ ಕುಕ್ಕರಿನ ವೆಯ್ಟ್ ಇದ್ದಂತೆ. ನಮ್ಮ ಕ್ಯಾಪಿನ ಮೇಲೆ 0.9 ಅಂತ ಬರೆದಿದೆ, ಅಂದರೆ 0.9 ಬಾರ್ ಒತ್ತಡ. ಅಷ್ಟು ಒತ್ತಡ ಹಿಡಿದರೆ ಒಳಗಿನ ನೀರು 118 ಡಿಗ್ರಿ ಆಸುಪಾಸಿನವರೆಗೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಎರಚುತ್ತದೆ. ಕೈ ತೆಗೆದೆ. ಮುಕ್ಕಾಲು ಗಂಟೆ ಕಾದೆವು. ಕೋತಿಗಳು ಬಂದವು. ಚಕ್ಕುಲಿ ಡಬ್ಬಿ ಅಮ್ಮನ ಮಡಿಲಿನಿಂದ ಕಾರಿನೊಳಗೆ ಹೋಯಿತು.

ಕಾಯುವಾಗ ಸುಮ್ನೆ ಕೂರಲಾಗದೆ ಆಯಿಲ್ ಸ್ಟಿಕ್ ಎಳೆದು ನೋಡಿದೆ. ಗ್ಯಾಸ್ಕೆಟ್ ಹೋಗಿದ್ದರೆ ನೀರು ಆಯಿಲ್‌ಗೆ ಸೇರಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿರಬೇಕು. ಇಲ್ಲ, ಕಪ್ಪು ಡಿಕಾಕ್ಷನ್ನೇ. ಹಿಂದಿನಿಂದ ಬಿಳಿ ಹೊಗೆಯೂ ಬಂದಿರಲಿಲ್ಲ. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ನಮ್ಮ ಗಾಡಿಯಲ್ಲಿ ಹೆಸರಿಗಷ್ಟೇ ಅದು ಫ್ಯಾನ್ ಬೆಲ್ಟ್, ತಿರುಗಿಸುವುದು ವಾಟರ್ ಪಂಪನ್ನು. ಪಂಪಿನ ಕೆಳಗೆ ಒದ್ದೆ ಇರಲಿಲ್ಲ. ರೇಡಿಯೇಟರಿನ ಮೇಲಿನ ಹೋಸ್ ಬಿಸಿ, ಕೆಳಗಿನದ್ದೂ ಬಿಸಿ. ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದ್ದರೆ ಕೆಳಗಿನದು ತಣ್ಣಗಿರಬೇಕಿತ್ತು. ಅಂದರೆ ನೀರು ಹರಿಯುತ್ತಿದೆ, ಆದರೆ ಆರುತ್ತಿಲ್ಲ.

ಇಷ್ಟೆಲ್ಲ ಯೋಚಿಸಿಯೂ ನನಗೆ ಹೊಳೆಯದೇ ಇದ್ದದ್ದನ್ನು ಅಮ್ಮ ಹೇಳಿದರು. "ಮೊದಲೆಲ್ಲ ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಮುಂದುಗಡೆ ಗುಂಯ್ ಅಂತ ಸದ್ದು ಬರ್ತಿತ್ತಲ್ಲ. ಈಗ ಬರಲ್ವಾ?"

ಬರುತ್ತಿರಲಿಲ್ಲ. ಎಷ್ಟು ದಿನದಿಂದಲೋ. ಆ ಗುಂಯ್ ಅನ್ನುವುದು ರೇಡಿಯೇಟರ್ ಫ್ಯಾನು. ಹೈವೇಯಲ್ಲಿ 80ರಲ್ಲಿ ಹೋಗುವಾಗ ಗಾಳಿ ತಾನಾಗಿಯೇ ನುಗ್ಗುತ್ತದೆ, ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ, ಟೋಲ್ ಸಾಲಿನಲ್ಲಿ, ಘಾಟಿಯ ಮೊದಲ ಗೇರಿನಲ್ಲಿ ಗಾಳಿ ಇಲ್ಲ. ಅಲ್ಲಿ ಮಾತ್ರ ಸೂಜಿ ಏರುತ್ತಿತ್ತು. ಶನಿವಾರ ಬೆಳಿಗ್ಗೆ ನೆಲಮಂಗಲದಲ್ಲಿ ಕಾರು ನನಗೆ ಇದನ್ನೇ ಹೇಳಿತ್ತು. ನಾನು ಟ್ರಾಫಿಕ್ಕನ್ನು ಬೈದೆ.

ಫ್ಯೂಸ್ ನೋಡಿದೆ, ಸರಿ ಇತ್ತು. ಇನ್ನುಳಿದಿದ್ದು ಎರಡು: ಫ್ಯಾನ್ ಮೋಟಾರ್, ಅಥವಾ ನೀರು ಕಾದಾಗ ಅದನ್ನು ಓಡಿಸುವ ಸ್ವಿಚ್. ಆ ಸ್ವಿಚ್ಚಿಗೆ ಬರುವ ಕನೆಕ್ಟರ್ ಬಿಚ್ಚಿದರೆ ಎರಡು ತೂತು. ಎರಡನ್ನೂ ಜೋಡಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ದೊಡ್ಡದೊಂದನ್ನು ಬಿಡಿಸಿ ಕೊಟ್ಟರು. ಕೀ ಆನ್ ಮಾಡಿಸಿ, ಪಿನ್ನನ್ನು ಅಗಲವಾಗಿ ಬಿಡಿಸಿ ಎರಡು ತೂತಿಗೂ ಚುಚ್ಚಿದೆ. ಸಣ್ಣದೊಂದು ಕಿಡಿ. ಫ್ಯಾನ್ ಒಂದು ಸಲ ನಡುಗಿ, ಧೂಳು ಕೊಡವಿ, ಗುಂಯ್ ಅಂತ ತಿರುಗಿತು. ಹಾಗಾದರೆ ಮೋಟಾರ್ ಚೆನ್ನಾಗಿದೆ, ಸ್ವಿಚ್ ಸತ್ತಿದೆ. ಹನ್ನೆರಡು ಸಾವಿರದ ಗ್ಯಾಸ್ಕೆಟ್ ಆ ಕ್ಷಣಕ್ಕೆ ನನ್ನ ತಲೆಯಿಂದ ಇಳಿಯಿತು.

ಅರ್ಧ ನಿಮಿಷಕ್ಕೆ ಪಿನ್ನು ಬೆರಳು ಸುಡುವಷ್ಟು ಬಿಸಿಯಾಯಿತು. ಅದನ್ನೇ ಬಿಟ್ಟು ಓಡಿಸುವ ಹಾಗಿರಲಿಲ್ಲ. ತರಕಾರಿ ತುಂಬಿಕೊಂಡು ಕೆಳಗಿಳಿಯುತ್ತಿದ್ದ ಪಿಕಪ್ಪಿನವರೊಬ್ಬರು ನಿಲ್ಲಿಸಿ ಏನಾಯ್ತು ಅಂದರು. ಅವರ ಟೂಲ್ ಬಾಕ್ಸಿನಿಂದ ಗೇಣುದ್ದ ದಪ್ಪ ವಯರು, ಟೇಪು ಸಿಕ್ಕವು. ಕಟ್ಟಿದೆವು. ಇನ್ನು ಕೀ ಆನ್ ಇದ್ದಷ್ಟು ಹೊತ್ತೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇರಲಿ.

ಈಗ ಕ್ಯಾಪ್ ಆರಿತ್ತು. ತೆಗೆದರೆ ಇನ್ನೊಂದು ವಿಚಿತ್ರ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಲೆಂಟ್ ಬಾಯಿವರೆಗೆ ತುಂಬಿದೆ, ರೇಡಿಯೇಟರಿನಲ್ಲಿ ಮಾತ್ರ ನೀರು ಕಾಣುತ್ತಿಲ್ಲ. ಒಂದೂವರೆ ಲೀಟರ್ ಹಿಡಿಯಿತು. ಕುಡಿಯುವ ನೀರೇ ಹಾಕಿದೆ, ಇಂಜಿನ್ ಓಡಿಸುತ್ತ, ಸಣ್ಣಗೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಆಗ ಗ್ಯಾಸ್ಕೆಟ್ ಮಾತು ನಿಜವಾಗಿಬಿಡುತ್ತದೆ. ಗ್ಯಾಸ್ಕೆಟ್ ಹೋಗಿದ್ದರೆ ಇಂಜಿನ್ನಿನ ಗ್ಯಾಸ್ ನೀರಿಗೆ ನುಗ್ಗಿ ಗುಳ್ಳೆ ಏಳಬೇಕು, ಏಳುತ್ತದಾ ಅಂತ ನೋಡಿದೆ. ಏಳಲಿಲ್ಲ.

ಕೊಟ್ಟಿಗೆಹಾರ ಮುಟ್ಟುವಾಗ ಸೂಜಿ ಅರ್ಧದಲ್ಲಿ ನಿಂತಿತ್ತು. ಮತ್ತೆ ನೀರುದೋಸೆ. ಹಸಿವಿಗೋ ನೆಮ್ಮದಿಗೋ, ಹೋಗುವಾಗಿಗಿಂತ ಈ ಸಲದ್ದೇ ಚೆನ್ನಾಗಿತ್ತು.

ಮೂಡಿಗೆರೆಯಲ್ಲಿ ಒಂದು ಶೆಡ್ಡಿನ ಗ್ಯಾರೇಜು. ಮೆಕ್ಯಾನಿಕ್ ಜಾಸ್ತಿ ಮಾತಿನವರಲ್ಲ. ನಾನು ಕಥೆ ಹೇಳುತ್ತಿದ್ದಂತೆ ಸ್ವಿಚ್ ಬಿಚ್ಚಿ ತೆಗೆದರು. ಅದರ ಮೇಲೆ 92 ಅಂತ ಗುದ್ದಿದ ಅಂಕಿ ಇತ್ತು. ಮೂಲೆಯಲ್ಲಿ ಟೀ ಕಾಯಿಸುವ ಸ್ಟವ್. ಪಾತ್ರೆಗೆ ನೀರು ಹಾಕಿ ಇಟ್ಟರು. ಸ್ವಿಚ್ಚಿಗೆ ಎರಡು ವಯರು, ಒಂದು ಪುಟ್ಟ ಬಲ್ಬು, ಆ ಕಡೆ ಹಳೇ ಬ್ಯಾಟರಿ. ಸ್ವಿಚ್ಚನ್ನು ಕುತ್ತಿಗೆವರೆಗೆ ನೀರಿಗೆ ಇಳಿಬಿಟ್ಟು ಹಿಡಿದು ನಿಂತರು. ನೀರು ಸಳಸಳ ಅಂತ ಕುದಿಯಿತು. ಬಲ್ಬು ಹತ್ತಲಿಲ್ಲ. ಮಲೆನಾಡಿನ ಈ ಎತ್ತರದಲ್ಲಿ, ನಮ್ಮ ಬೆಂಗಳೂರಿನ ಹಾಗೇ, ನೀರು ಕುದಿಯುವುದು 97 ಡಿಗ್ರಿ ಹತ್ತಿರ. 92ಕ್ಕೆ ಏಳಬೇಕಾದವನು 97ಕ್ಕೂ ಎದ್ದಿಲ್ಲ. ಅಂಗಡಿಯಿಂದ ಹೊಸ ಸ್ವಿಚ್ ತರಿಸಿ, ಪಾತ್ರೆಗೆ ಸ್ವಲ್ಪ ತಣ್ಣೀರು ಬೆರೆಸಿ ಅದೇ ಪರೀಕ್ಷೆ ಮಾಡಿದರು. ನೀರು ಇನ್ನೂ ಕುದಿಯುವ ಮೊದಲೇ, ತಳದಿಂದ ಸಣ್ಣ ಗುಳ್ಳೆ ಏಳುವಾಗ, ಬಲ್ಬು ಪಕ್ಕನೆ ಹತ್ತಿತು. ಅಮ್ಮನಿಗೆ ಇದು ತುಂಬ ಇಷ್ಟವಾಯಿತು. ಇನ್ನೊಂದು ಸಲ ತೋರಿಸಿ ಅಂದರು. ಅವರು ತೋರಿಸಿದರು.

ಕ್ಯಾಪನ್ನು ಉಲ್ಟಾ ಮಾಡಿ ರಬ್ಬರ್ ತೋರಿಸಿದರು. ಒಣಗಿ, ಬಿರಿದು, ಹಪ್ಪಳವಾಗಿತ್ತು. ಒತ್ತಡ ಹಿಡಿಯುತ್ತಿರಲಿಲ್ಲ, ಹಾಗಾಗಿ ಫ್ಯಾನ್ ಇಲ್ಲದ ಏರಿನಲ್ಲಿ ನೀರು ಬೇಗ ಕುದಿದು ಬಾಟಲಿಗೆ ಹಾರಿತ್ತು. ಇಂಜಿನ್ ಆರುವಾಗ ಆ ನೀರನ್ನು ವಾಪಸ್ ಎಳೆದುಕೊಳ್ಳಬೇಕಾದ ಪುಟ್ಟ ವಾಲ್ವ್ ಕೂಡ ಅಂಟಿಕೊಂಡಿತ್ತು. ಬಾಟಲಿ ತುಂಬಿದೆಯಲ್ಲ ಅಂತ ನಾನು ದಿನಾ ಬೆಳಿಗ್ಗೆ ನೋಡಿ ಖುಷಿಪಡುತ್ತಿದ್ದೆ! ಸ್ವಿಚ್ಚು, ಕ್ಯಾಪು, ಒಂದು ಲೀಟರ್ ಕೂಲೆಂಟು, ಕೂಲಿ ಎಲ್ಲ ಸೇರಿ ಸಾವಿರದ ಐನೂರರ ಒಳಗೆ. "ಥರ್ಮೋಸ್ಟಾಟ್ ತೆಗೆದುಬಿಡಲಾ, ಇನ್ನೂ ತಣ್ಣಗಿರುತ್ತಾ?" ಅಂತ ಕೇಳಿದೆ. ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಹೇಳಿದ್ದರು. ಮೆಕ್ಯಾನಿಕ್ ಮೊದಲ ಸಲ ನಕ್ಕರು. "ಚಳಿಗೆ ಇಂಜಿನ್ ಬಿಸಿನೇ ಆಗಲ್ಲ, ಪೆಟ್ರೋಲ್ ಕುಡಿಯುತ್ತೆ. ಇರಲಿ ಬಿಡಿ, ಅದು ಸರಿ ಇದೆ."

ಬೇಲೂರು ದಾಟುವಷ್ಟರಲ್ಲಿ ಕತ್ತಲಾಯಿತು. ಕಾಫಿ ಹೂವಿನ ಫೋಟೋ ತೆಗೆಯಬೇಕು ಅಂದುಕೊಂಡಿದ್ದು ಉಳಿದೇ ಹೋಯಿತು. ರಾತ್ರಿ ಹತ್ತೂವರೆಗೆ ನೆಲಮಂಗಲ. ಟೋಲ್ ಹತ್ತಿರ ಮತ್ತೆ ಅದೇ ಸಾಲು. ಮೂವರೂ ಮಾತಾಡದೆ ಸೂಜಿ ನೋಡುತ್ತ ಕೂತೆವು. ಅರ್ಧ ದಾಟಿತು. ಇನ್ನೂ ಸ್ವಲ್ಪ ಏರಿತು. ಗುಂಯ್ ಅಂದಿತು.

"ಬಂತು" ಅಂದರು ಅಮ್ಮ ಹಿಂದಿನಿಂದ. ಆಮೇಲೆ, "ಆ ಪಿನ್ನು ಎಲ್ಲಿಟ್ಟೆ?"