ಒಂಬತ್ತು ಗಂಟೆಯ ಆ ಒಂದು ನಿಮಿಷ

ಮಂಗಳವಾರ ನಮ್ಮ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ (ದಿನಾ ಎಲ್ರೂ ತಮ್ಮ ಕೆಲಸದ ಅಪ್‌ಡೇಟ್ ಹೇಳೋ ಚಿಕ್ಕ ಆನ್‌ಲೈನ್ ಮೀಟಿಂಗ್) ಆದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ, ಅದಕ್ಕೇ ಬರೀತಿದೀನಿ.

"ದಿನಾ ಒಂದು ನಿಮಿಷ ಲೇಟಾಗಿ ಜಾಯಿನ್ ಆಗ್ತೀರಲ್ಲ, ಏನಾದ್ರೂ ತೊಂದ್ರೆನಾ?" ಅಂತ ನಮ್ಮ ಹೊಸ ಲೀಡ್ ಕೇಳಿದ್ರು. ಕೇಳಿದ್ದು ಅವಳನ್ನ, ಉಕ್ರೇನ್‌ನ ಖಾರ್ಕಿವ್‌ನಲ್ಲಿ ಕೂತು ನಮ್ಮ ಆ್ಯಪ್ ಟೆಸ್ಟ್ ಮಾಡೋಳನ್ನ. ಅವಳು "ಒಂಬತ್ತು ಗಂಟೆಗೆ ನಾವು ಎದ್ದು ನಿಲ್ತೀವಿ, ಸತ್ತೋರಿಗೋಸ್ಕರ. ನನ್ನ ತಮ್ಮನೂ ಇದಾನೆ ಅವರಲ್ಲಿ" ಅಂದ್ಳು. ಧ್ವನಿ ಏರ್ಲೂ ಇಲ್ಲ, ಇಳೀಲೂ ಇಲ್ಲ. ಲೀಡ್ "ಓಕೆ ಓಕೆ, ನೋ ಇಶ್ಯೂ, ನಿಮ್ಮ ಅಪ್‌ಡೇಟ್ ಹೇಳಿ" ಅಂದ್ರು. ಅವಳು ಹೇಳಿದ್ಳು, ಪೇಮೆಂಟ್ ಪೇಜ್‌ನಲ್ಲಿ ಒಂದು ಬಗ್ ಸಿಕ್ಕಿದೆ, ಸ್ಕ್ರೀನ್‌ಶಾಟ್ ಹಾಕಿದೀನಿ, ಇವತ್ತು ಸಂಜೆಯೊಳಗೆ ಮತ್ತೆ ನೋಡ್ತೀನಿ. ಆಮೇಲೆ ನನ್ನ ಸರದಿ. ನಿನ್ನೆ ನಾನು ಏನು ಕೆಲಸ ಮಾಡ್ದೆ ಅನ್ನೋದೇ ಬಾಯಿಗೆ ಬರ್ಲಿಲ್ಲ.

ಅವಳ ತಮ್ಮನ ವಿಷ್ಯ ನನಗೆ ಮೊದ್ಲೇ ಗೊತ್ತಿತ್ತು, ಒಂದ್ಸಲ ರಾತ್ರಿ ರಿಲೀಸ್ ಟೈಮಲ್ಲಿ ಇಬ್ರೇ ಆನ್‌ಲೈನ್ ಇದ್ದಾಗ ಹೇಳಿದ್ಳು. ಲಿಫ್ಟ್ ರಿಪೇರಿ ಮಾಡ್ತಿದ್ದ ಹುಡುಗ, ಯುದ್ಧಕ್ಕೆ ಅಂತ ಬಖ್ಮುತ್ ಕಡೆ ಹೋದೋನು ವಾಪಸ್ ಬರ್ಲಿಲ್ಲ. ಅವತ್ತು ಅಷ್ಟು ಮಾತ್ರ ಹೇಳಿ ಮತ್ತೆ ಟಿಕೆಟ್ ನಂಬರ್ ಕೇಳಿದ್ಳು.

ಈ ಒಂಬತ್ತು ಗಂಟೆ ಅಂದ್ರೆ ಏನು ಅಂತ ಹೇಳ್ಬೇಕು. 2022ರ ಫೆಬ್ರವರಿ 24ಕ್ಕೆ ರಷ್ಯಾ ನುಗ್ಗಿದ್ಮೇಲೆ ಮಾರ್ಚ್‌ನಲ್ಲೇ ಅವರ ಅಧ್ಯಕ್ಷ ಝೆಲೆನ್‌ಸ್ಕಿ ಒಂದು ಆದೇಶ ಹೊರಡಿಸಿದ್ರು, ದಿನಾ ಬೆಳಗ್ಗೆ ಒಂಬತ್ತಕ್ಕೆ ದೇಶ ಪೂರ್ತಿ ಒಂದು ನಿಮಿಷ ಮೌನ. ರೇಡಿಯೋ, ಟಿವಿಯಲ್ಲಿ ಬರುತ್ತೆ. ರಸ್ತೇಲಿ ಹೋಗೋರು ನಿಲ್ತಾರೆ, ಎಷ್ಟೋ ಕಡೆ ಕಾರು ನಿಲ್ಲಿಸಿ ಇಳಿದು ನಿಲ್ತಾರೆ. ಉಕ್ರೇನ್‌ನಲ್ಲಿ ಚಳಿಗಾಲಕ್ಕೆ ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಆವಾಗ ಅಲ್ಲಿ ಒಂಬತ್ತು ಅಂದ್ರೆ ಇಲ್ಲಿ ಸರಿಯಾಗಿ ಹನ್ನೆರಡೂವರೆ. ನಮ್ಮ ಮೀಟಿಂಗ್ ಇರೋದೂ ಹನ್ನೆರಡೂವರೆಗೇ. ಯಾರೂ ಬೇಕು ಅಂತ ಇಟ್ಟಿದ್ದಲ್ಲ, ಊಟಕ್ಕೆ ಮುಂಚೆ ಮುಗೀಲಿ ಅಂತ ಯಾವತ್ತೋ ಇಟ್ಟಿದ್ದು.

ಲೀಡ್ ಕೆಟ್ಟೋರಲ್ಲ, ಅದನ್ನ ಹೇಳ್ಲೇಬೇಕು. ಟೀಮ್‌ನಲ್ಲಿ ಒಬ್ಬ ಹುಡುಗನ ಅಪ್ಪ ಆಸ್ಪತ್ರೆಗೆ ಸೇರಿದಾಗ ರಾತ್ರಿ ಹನ್ನೊಂದಕ್ಕೆ ಹೋಗಿ ರಕ್ತ ಕೊಟ್ಟು ಬಂದೋರು. ಮೀಟಿಂಗ್ ಮುಗಿದ್ಮೇಲೆ ನಾನು ಪಿಂಗ್ ಮಾಡಿ ಇದೆಲ್ಲ ವಿವರಿಸ್ದೆ, ಅವ್ರು "ಓಹ್, ಗೊತ್ತಿರ್ಲಿಲ್ಲ, ಥ್ಯಾಂಕ್ಸ್" ಅಂತ ಬರೆದು, ಸಂಜೆ ಇನ್ವೈಟ್‌ನ 12:35ಕ್ಕೆ ಬದಲಾಯಿಸಿದ್ರು. ಸರಿಯಾದ ಕೆಲಸಾನೇ ಮಾಡಿದ್ರು. ಆದ್ರೂ ನನ್ನ ಸಂಕಟ ಕಮ್ಮಿ ಆಗ್ಲಿಲ್ಲ. "ನನ್ನ ತಮ್ಮನೂ ಇದಾನೆ ಅವರಲ್ಲಿ" ಅನ್ನೋ ಮಾತಿಗೂ "ಅಪ್‌ಡೇಟ್ ಹೇಳಿ" ಅನ್ನೋ ಮಾತಿಗೂ ಮಧ್ಯೆ ಒಂದು ಉಸಿರು ಬಿಡೋಷ್ಟು ಟೈಮೂ ಇರ್ಲಿಲ್ವಲ್ಲ. ಅವರಿಗೆ ಏನು ಹೇಳ್ಬೇಕು ಅಂತ ತೋಚ್ಲಿಲ್ಲ, ಗೊತ್ತಿರೋ ವಾಕ್ಯ ಹೇಳಿದ್ರು. ದೂರ ಇರೋ ನಮಗೆಲ್ಲ ಅವರ ಯುದ್ಧ ತಲುಪೋದು ಹಿಂಗೇ ಅನ್ಸುತ್ತೆ, ಒಂದು ನಿಮಿಷ ತಡ ಅಂತ, ಒಂದು ಡೆಲಿವರಿ ಡೇಟ್ ಅಂತ. 2022ರಲ್ಲಿ ಅದು ಸನ್‌ಫ್ಲವರ್ ಎಣ್ಣೆ ಪ್ಯಾಕೆಟ್ ರೇಟಾಗಿ ಬಂದಿತ್ತು, ಯಾಕಂದ್ರೆ ಆಗ ನಮ್ಮ ದೇಶ ಹೊರಗಿಂದ ತರಿಸ್ತಿದ್ದ ಸನ್‌ಫ್ಲವರ್ ಎಣ್ಣೇಲಿ ದೊಡ್ಡ ಪಾಲು ಉಕ್ರೇನ್‌ದೇ ಆಗಿತ್ತು. ಅಂಗಡೀಲಿ ಎಲ್ರೂ ಬೈಕೊಂಡು ತಗೊಂಡ್ರು, ಆಮೇಲೆ ರೇಟ್ ಇಳೀತು, ಮರೆತೋಯ್ತು.

ಆದ್ರೆ ನಮ್ಮ ಹಾವೇರಿ ಕಡೆಯೋರಿಗೆ ಮರೆಯೋಕಾಗಲ್ಲ. ನಮ್ಮ ಜಿಲ್ಲೆಯ ಮೆಡಿಕಲ್ ಓದ್ತಿದ್ದ ಹುಡುಗ 2022ರ ಮಾರ್ಚ್ 1ಕ್ಕೆ ಇದೇ ಖಾರ್ಕಿವ್‌ನಲ್ಲಿ ತೀರ್ಕೊಂಡ, ಊಟದ ಸಾಮಾನು ತರೋಕೆ ಹೊರಗೆ ಬಂದಿದ್ನಂತೆ. ಆ ತಿಂಗಳು ನಮ್ಮವ್ವ ಟಿವಿ ಮುಂದಿಂದ ಎದ್ದಿದ್ದೇ ಕಮ್ಮಿ. ಈಗ್ಲೂ ಅವ್ವನಿಗೆ ಖಾರ್ಕಿವ್ ಅಂದ್ರೆ ವಿದೇಶದ ಊರಲ್ಲ, ನಮ್ಮ ಹುಡುಗ ಹೋದ ಊರು.

ಮಂಗಳವಾರ ರಾತ್ರಿ ಅವ್ವನಿಗೆ ಫೋನ್‌ನಲ್ಲಿ ಇದನ್ನೆಲ್ಲ ಹೇಳ್ದೆ, ಅಲ್ಲಿ ಆಗಾಗ ಕರೆಂಟ್ ಹೋಗೋದನ್ನೂ ಹೇಳ್ದೆ. ಅವ್ವ ಮೊದಲು ಕೇಳಿದ್ದು "ಅಕಿ ಚಾ ಹ್ಯಾಂಗ ಮಾಡ್ಕೊಂತಾಳ ಹಂಗಾದ್ರ, ಕರೆಂಟ್ ಇಲ್ದ?" ಅಂತ. ಎಷ್ಟು ಸರಿಯಾದ ಪ್ರಶ್ನೆ ನೋಡಿ. ಅವಳ ಮನೆ ಎತ್ತರದ ಬಿಲ್ಡಿಂಗ್‌ನಲ್ಲಿ, ಒಲೆ ಕರೆಂಟಿಂದು. ಹಂಗಾಗಿ ಟ್ರೆಕ್ಕಿಂಗ್‌ಗೆ ಒಯ್ಯೋ ಸಣ್ಣ ಗ್ಯಾಸ್ ಸ್ಟವ್ ಇಟ್ಕೊಂಡಿದಾಳೆ, ಕರೆಂಟ್ ಇದ್ದಾಗ್ಲೇ ಅಡುಗೆ ಮಾಡಿಟ್ಟು, ಫ್ಲಾಸ್ಕ್‌ಗಳಿಗೆ ಬಿಸಿನೀರು ತುಂಬಿಟ್ಟು, ಪವರ್‌ಬ್ಯಾಂಕ್ ಎಲ್ಲ ಚಾರ್ಜಿಗಿಟ್ಟು, ವಾಷಿಂಗ್ ಮಷೀನ್ ಹಾಕಿ, ಇಷ್ಟೂ ಒಟ್ಟಿಗೇ ಆಗ್ಬೇಕು, ಕರೆಂಟ್ ರಾತ್ರಿ ಎರಡು ಗಂಟೆಗೆ ಬಂದ್ರೆ ರಾತ್ರಿ ಎರಡು ಗಂಟೆಗೇ. 2022ರ ಅಕ್ಟೋಬರ್‌ನಿಂದ ರಷ್ಯಾ ಪವರ್ ಸ್ಟೇಷನ್‌ಗಳಿಗೇ ಗುರಿ ಇಟ್ಟು ಹೊಡೆಯೋಕೆ ಶುರು ಮಾಡ್ತು, ಆವಾಗಿಂದ ಸರದಿ ಮೇಲೆ ಕರೆಂಟ್ ಕೊಡೋಕೆ ಊರನ್ನ ಗುಂಪು ಗುಂಪಾಗಿ ಹಂಚಿದಾರೆ, ಪ್ರತಿ ಮನೆಗೂ ತನ್ನ ಗುಂಪಿನ ನಂಬರ್ ಬಾಯಿಪಾಠ. ನಮ್ಮೂರಲ್ಲಿ ಅಪ್ಪ ಪಂಪ್‌ಸೆಟ್‌ಗೆ ರಾತ್ರಿ ತ್ರೀ ಫೇಸ್ ಬರೋದನ್ನ ಕಾಯ್ತಿದ್ರು, ಹಂಗಾಗಿ ಅವ್ವನಿಗೆ ಅರ್ಧ ತಕ್ಷಣ ಅರ್ಥ ಆಯ್ತು. ಇನ್ನರ್ಧ ನಮ್ಮ ಅನುಭವಕ್ಕೆ ಸಿಗಲ್ಲ. ಅಲ್ಲಿ ಮನೆ ಬಿಸಿ ಆಗೋದು ಊರಿನ ಸ್ಥಾವರದಿಂದ ಪೈಪಲ್ಲಿ ಬರೋ ಬಿಸಿನೀರಿಂದ, ಆ ಸ್ಥಾವರಕ್ಕೆ ಏಟು ಬಿದ್ರೆ ಮೈನಸ್ ಹತ್ತು ಹದಿನೈದು ಡಿಗ್ರಿ ಚಳೀಲಿ ಸಾವಿರಾರು ಮನೆ ಒಟ್ಟಿಗೇ ತಣ್ಣಗಾಗುತ್ತೆ.

ಇನ್ನೊಂದು ಸಂಗತಿ ಅವಳು ಹೇಳಿದ್ದು, ಅವಳ ಬಿಲ್ಡಿಂಗ್ ಲಿಫ್ಟ್ ಒಳಗೆ ಒಂದು ಡಬ್ಬ ಇಟ್ಟಿದಾರೆ. ನೀರಿನ ಬಾಟ್ಲಿ, ಬಿಸ್ಕತ್ತು, ಟಾರ್ಚು, ಯಾವುದೋ ಮಾತ್ರೆ, ಪಕ್ಕದಲ್ಲಿ ಕೂರೋಕೆ ಒಂದು ಸ್ಟೂಲು. ಕರೆಂಟ್ ಹೋಗಿ ಯಾರಾದ್ರೂ ಮಧ್ಯದಲ್ಲಿ ಸಿಕ್ಕಾಕೊಂಡ್ರೆ ಅಂತ. ಇದು ಅವಳ ಬಿಲ್ಡಿಂಗ್‌ನಲ್ಲಿ ಮಾತ್ರ ಅಲ್ಲ, ಕೀವ್‌ನಲ್ಲೂ ಬೇರೆ ಊರುಗಳಲ್ಲೂ ಜನ ತಾವೇ ಇಡ್ತಾರೆ. ಲಿಫ್ಟ್ ರಿಪೇರಿ ಮಾಡೋ ಹುಡುಗ್ರು ಸೈನ್ಯದಲ್ಲಿದಾರೆ, ಇಲ್ಲಾ ಸತ್ತಿದಾರೆ. ಇದನ್ನ ಹೇಳುವಾಗ ಅವಳು ತಮ್ಮನ ಹೆಸರು ಎತ್ಲಿಲ್ಲ, ನಾನೂ ಎತ್ಲಿಲ್ಲ.

ಗಂಡಸರ ವಿಷ್ಯ ಬಂತಲ್ಲ, ಅದು ಬೇರೇನೇ ದೊಡ್ಡದು. ಸೇನಾ ಕಾನೂನು ಬಂದ ದಿನದಿಂದ 18ರಿಂದ 60 ವರ್ಷದ ಗಂಡಸ್ರು ದೇಶ ಬಿಟ್ಟು ಹೋಗೋ ಹಾಗಿಲ್ಲ ಅಂತಾಯ್ತು, 2025ರ ಆಗಸ್ಟ್‌ನಲ್ಲಿ 22ರವರೆಗಿನ ಹುಡುಗರಿಗೆ ಬಿಟ್ರು. ಸೈನ್ಯಕ್ಕೆ ಕರೆಯೋ ವಯಸ್ಸನ್ನ 2024ರಲ್ಲಿ 27ರಿಂದ 25ಕ್ಕೆ ಇಳಿಸಿದ್ರು. ಹೊರಗೆ ಹೋದ ಲಕ್ಷಾಂತರ ಜನರಲ್ಲಿ ಹೆಚ್ಚಿನೋರು ಹೆಂಗಸ್ರು ಮಕ್ಕಳು, ಪೋಲೆಂಡ್, ಜರ್ಮನಿ ಅಂತ. ಅಂದ್ರೆ ಒಂದು ಮನೇಲಿ ಅಪ್ಪ ಖಾರ್ಕಿವ್‌ನಲ್ಲಿ, ಅಮ್ಮ ಮಗು ವಾರ್ಸಾದಲ್ಲಿ, ಮಗು ಅಲ್ಲೇ ಸ್ಕೂಲಿಗೆ ಸೇರಿ ಪೋಲಿಷ್‌ನಲ್ಲಿ ಜಗಳ ಆಡೋಷ್ಟು ಕಲಿತಿದೆ, ಅಪ್ಪ ಫೋನಲ್ಲೇ ಮಗು ಬೆಳೆಯೋದು ನೋಡ್ತಾನೆ. ಇಂಥ ಸಂಸಾರಗಳ ಕಥೆ ಅವಳ ಹತ್ರ ಎಷ್ಟಿದೆಯೋ. ಉಳಿದ ಹೆಂಗಸ್ರು ಬಸ್ ಓಡಿಸ್ತಾರೆ, ಮೆಟ್ರೋ ರೈಲು ಓಡಿಸೋದು ಕಲೀತಾರೆ, ಕಲ್ಲಿದ್ದಲು ಗಣಿಯೊಳಗೂ ಇಳೀತಿದಾರೆ, ಯುದ್ಧಕ್ಕೆ ಮುಂಚೆ ನೆಲದಡಿಯ ಆ ಕೆಲಸ ಹೆಂಗಸರಿಗೆ ಕೊಡ್ತಿರ್ಲಿಲ್ಲ. ಇದನ್ನ ಮಹಿಳಾ ಸಬಲೀಕರಣ ಅಂತ ಯಾರೋ ಬರೆದಿದ್ದು ಓದಿ ನನಗೆ ಸಿಟ್ಟು ಬಂತು. ಕೆಲಸ ಬೇಕು ಅಂತ ಕೇಳಿ ಸಿಕ್ಕಿದ್ದು ಬೇರೆ, ಅಣ್ಣತಮ್ಮಂದಿರ ಜಾಗ ಖಾಲಿಯಾಗಿ ಸಿಕ್ಕಿದ್ದು ಬೇರೆ.

ಖಾರ್ಕಿವ್ ರಷ್ಯಾ ಗಡಿಯಿಂದ ಮೂವತ್ತು ನಲವತ್ತು ಕಿಲೋಮೀಟರ್ ಅಷ್ಟೇ. ಎಷ್ಟೋ ಸಲ ಮೊದಲು ಸ್ಫೋಟ ಕೇಳ್ಸುತ್ತೆ, ಆಮೇಲೆ ಸೈರನ್. ಮನೆಯಿಂದ ಓಡಿ ಮೆಟ್ರೋಗೆ ಇಳಿಯೋಷ್ಟು ಟೈಮ್ ಇರಲ್ಲ, ಅದಕ್ಕೆ ಎರಡು ಗೋಡೆ ಲೆಕ್ಕ ಇಟ್ಕೊಂಡಿದಾರೆ, ತಮಗೂ ಹೊರಗಿಗೂ ಮಧ್ಯೆ ಎರಡು ಗೋಡೆ ಇರೋ ಕಡೆ ಕೂರೋದು, ಹೊರಗಿನ ಗೋಡೆ ಏಟು ತಗೊಳ್ಳುತ್ತೆ, ಒಳಗಿನ ಗೋಡೆ ಚೂರುಗಳನ್ನ ತಡೆಯುತ್ತೆ. ಅವಳು ಮೀಟಿಂಗ್ ಮಧ್ಯ ಲ್ಯಾಪ್‌ಟಾಪ್ ಎತ್ಕೊಂಡು ಕಾರಿಡಾರ್‌ನಲ್ಲಿ ನೆಲದ ಮೇಲೆ ಕೂತು ಮಾತು ಮುಂದುವರಿಸಿದ್ದು ನಾವೆಲ್ಲ ನೋಡಿದೀವಿ. ಹಿಂದೆ ಬೂಟು ಚಪ್ಪಲಿ ಸ್ಟ್ಯಾಂಡು, ತೂಗುಹಾಕಿದ ಕೋಟುಗಳು. ಡ್ರೋನ್‌ಗಳು ಹಳೇ ಮೊಪೆಡ್ ಥರ ಸದ್ದು ಮಾಡ್ಕೊಂಡು ಬರ್ತಾವಂತೆ, ಸದ್ದು ನಿಂತ್ರೇನೇ ಭಯ ಅಂದ್ಳು.

ಮಕ್ಕಳ ಸ್ಕೂಲು ಮೆಟ್ರೋ ಸ್ಟೇಷನ್‌ನಲ್ಲಿ. 2023ರ ಸೆಪ್ಟೆಂಬರ್‌ನಿಂದ ಖಾರ್ಕಿವ್ ಮೆಟ್ರೋ ಸ್ಟೇಷನ್‌ಗಳ ಒಳಗೆ ಕ್ಲಾಸ್‌ರೂಮ್ ಕಟ್ಟಿ ನಡೆಸ್ತಿದಾರೆ, ಆಮೇಲೆ ನೆಲದಡಿಯಲ್ಲೇ ಹೊಸ ಸ್ಕೂಲುಗಳನ್ನೂ ಕಟ್ಟಿದ್ರು. ಕೊರೋನಾ, ಅದು ಮುಗಿಯೋಷ್ಟರಲ್ಲಿ ಯುದ್ಧ, ಎಷ್ಟೋ ಮಕ್ಕಳಿಗೆ ಪಕ್ಕದಲ್ಲಿ ಕೂರೋ ಫ್ರೆಂಡ್ ಅನ್ನೋನು ಸಿಕ್ಕಿದ್ದೇ ಈ ಮೆಟ್ರೋ ಸ್ಕೂಲಲ್ಲಿ. ಕಿಟಕಿ ಇಲ್ಲದ ಕ್ಲಾಸು. ಕಿಟಕಿ ಇಲ್ಲ ಅನ್ನೋ ಕಾರಣಕ್ಕೇ ಅಪ್ಪ ಅಮ್ಮ ಧೈರ್ಯವಾಗಿ ಕಳಿಸ್ತಾರೆ, ಇದನ್ನ ನಾನು ಎಷ್ಟು ಸಲ ಯೋಚಿಸಿದ್ರೂ ಒಳಗೆ ಇಳಿಯಲ್ಲ.

ನನಗೆ ಅನ್ಸೋದು, ದೊಡ್ಡ ಯುದ್ಧ ಒಂದು ದೇಶದ ನೆಲಾನ ಎಷ್ಟು ತಗೊಳ್ತು ಅಂತ ಮ್ಯಾಪ್‌ನಲ್ಲಿ ತೋರಿಸ್ತಾರೆ, ಆದ್ರೆ ಟೈಮನ್ನ ಹೆಂಗೆ ತಗೊಳ್ಳುತ್ತೆ ಅಂತ ಯಾರೂ ತೋರಿಸಲ್ಲ. ಕರೆಂಟ್ ಬರೋ ಗಂಟೆ, ಸೈರನ್ ಗಂಟೆ, ರಾತ್ರಿ ಕರ್ಫ್ಯೂ ಗಂಟೆ, ಬೆಳಗ್ಗೆ ಒಂಬತ್ತು. ಕ್ಯಾಲೆಂಡರನ್ನೂ ಬಿಟ್ಟಿಲ್ಲ. ಮುಂಚೆ ಅವರಲ್ಲಿ ಕ್ರಿಸ್ಮಸ್ ಅಂದ್ರೆ ಹೆಚ್ಚಿನೋರಿಗೆ ಜನವರಿ 7, ರಷ್ಯಾದ ಥರಾನೇ. 2023ರಲ್ಲಿ ಕಾನೂನು ಬದಲಾಯಿಸಿ ಡಿಸೆಂಬರ್ 25ಕ್ಕೆ ತಂದ್ರು. ಆದ್ರೆ ಸೇನಾ ಕಾನೂನು ಇರೋವರೆಗೆ ಸಾರ್ವಜನಿಕ ರಜೆಯ ನಿಯಮಾನೇ ಅನ್ವಯ ಆಗಲ್ಲ, ಹಬ್ಬದ ದಿನಾನೂ ಕೆಲಸದ ದಿನ. ನಮ್ಮ ಟೀಮ್‌ನ ರಜೆ ಪಟ್ಟೀಲಿ ಬೆಂಗಳೂರು ಕಾಲಂನಲ್ಲಿ ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧಪೂಜೆ, ರಾಜ್ಯೋತ್ಸವ ಎಲ್ಲ ಇದೆ. ಅವಳ ಕಾಲಂ ಮೇಲಿಂದ ಕೆಳಗೆ ಖಾಲಿ. ನಮ್ಮ ಟೀಮ್‌ನ ಒಬ್ಬ "ಅವ್ರಿಗೆ ರಜೆನೇ ಇಲ್ವಾ, ಪಾಪ" ಅಂದಿದ್ದ. ದುಡಿದದ್ದರಲ್ಲಿ ಯುದ್ಧದ ಪಾಲೂ ಹೋಗುತ್ತೆ, ಸಂಬಳದ ಮೇಲಿನ ಮಿಲಿಟರಿ ತೆರಿಗೆ 2024ರ ಡಿಸೆಂಬರ್‌ನಿಂದ 1.5 ಪರ್ಸೆಂಟ್ ಇದ್ದಿದ್ದು 5 ಆಯ್ತು. ಅದರ ಮೇಲೆ ಗೆಳೆಯರು ನೆಂಟರು ಇರೋ ತುಕಡಿಗೆ ಡ್ರೋನ್ ಬೇಕು, ಗಾಡಿ ಬೇಕು ಅಂತ ಫೋನಲ್ಲೇ ಚಂದಾ ಎತ್ತೋದು, ಅದು ಪ್ರತಿ ವಾರದ ಮಾತು.

ಇದೇ ವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಆದದ್ದೂ ಹೇಳ್ಬಿಡ್ತೀನಿ, ಯಾಕಂದ್ರೆ ಎರಡೂ ನನ್ನ ತಲೇಲಿ ಒಂದಕ್ಕೊಂದು ಅಂಟ್ಕೊಂಡಿವೆ. ಮೂರನೇ ಮಹಡಿಯ ಅಂಕಲ್ ಒಬ್ರು 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ಯಾವುದೋ ವಿಡಿಯೋ ಹಾಕಿ, 10ನೇ ತಾರೀಕು ನಿಲ್ಲಿಸ್ಬಾರ್ದಿತ್ತು, ಇನ್ನೂ ಒಂದು ತಿಂಗಳು ನಡೀಬೇಕಿತ್ತು ಅಂತ ಬರೆದ್ರು. ಕೆಳಗೆ ಬೆಂಕಿ ಎಮೋಜಿಗಳ ಸಾಲು. ಆ ದಿನಗಳು ನನಗೆ ಚೆನ್ನಾಗಿ ನೆನಪಿದೆ. ಟಿವಿ ಚಾನೆಲ್‌ಗಳು ಸುದ್ದಿ ಹಿಂದೆ ಸೈರನ್ ಸದ್ದನ್ನ ಮ್ಯೂಸಿಕ್ ಥರ ಹಾಕ್ತಿದ್ವು, ಕೊನೆಗೆ ಕೇಂದ್ರ ಗೃಹ ಇಲಾಖೆಯೇ ಅದನ್ನ ನಿಲ್ಸಿ ಅಂತ ಸೂಚನೆ ಕೊಡ್ಬೇಕಾಯ್ತು, ಜನ ನಿಜವಾದ ಸೈರನ್‌ಗೂ ಕಿವಿಗೊಡದ ಹಾಗಾಗುತ್ತೆ ಅಂತ. ಊರಲ್ಲಿ ಅವ್ವ ಆ ಸದ್ದು ಬಂದಾಗೆಲ್ಲ ಹೊರಗೆ ಬಂದು ಆಕಾಶ ನೋಡ್ತಿದ್ಳಂತೆ.

ಪಹಲ್ಗಾಮ್‌ನಲ್ಲಿ ಆದದ್ದಕ್ಕೆ ನನಗೂ ಹೊಟ್ಟೆ ಉರಿದಿದೆ, ದೇಶ ಉತ್ತರ ಕೊಡ್ಬಾರ್ದಿತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದು ತಿಂಗಳು ಅಂತ ಬರೆಯೋಕೆ ಮುಂಚೆ ಆ ತಿಂಗಳು ಯಾರ ಮನೆ ಮೇಲೆ ಬೀಳುತ್ತೆ ಅಂತ ಹೇಳ್ಬೇಕು. ಬೆಂಗಳೂರಿನ ಮೂರನೇ ಮಹಡಿ ಮೇಲಂತೂ ಅಲ್ಲ. ಮೇ 7ರಿಂದ ಜಮ್ಮು-ಕಾಶ್ಮೀರದ ಗಡಿ ಪಕ್ಕದ ಪೂಂಚ್ ಪಟ್ಟಣದ ಮೇಲೆ ಶೆಲ್ ಬಿದ್ದು ಮಕ್ಕಳೂ ಸತ್ರು, ಗುರುದ್ವಾರಕ್ಕೂ ಏಟು ಬಿತ್ತು, ಜನ ಮನೆಗೆ ಬೀಗ ಹಾಕಿ ಸಿಕ್ಕ ಗಾಡಿ ಹತ್ತಿ ಜಮ್ಮು ಕಡೆ ಹೊರಟ್ರು. ಪಟ್ಟಣದಲ್ಲಿ ನಮಗೆ ಬಂಕರ್ ಇರ್ಲಿಲ್ಲ ಅಂತ ಅಲ್ಲಿನೋರು ಆಮೇಲೆ ಎಷ್ಟು ಸಲ ಹೇಳ್ಕೊಂಡ್ರು. ಇಷ್ಟನ್ನೂ ನಾನು ಗ್ರೂಪ್‌ನಲ್ಲಿ ಬರೆದೆ, ಖಾರ್ಕಿವ್‌ನ ಮೆಟ್ರೋ ಸ್ಕೂಲ್ ವಿಷ್ಯಾನೂ ಸೇರಿಸಿ. ಅಂಕಲ್ "ದೇಶ ಅಂದ್ಮೇಲೆ ಅಷ್ಟು ಸಹಿಸ್ಕೋಬೇಕಮ್ಮಾ" ಅಂದ್ರು. ಪೂಂಚ್‌ನಲ್ಲಿ ಈಗ ಬಂಕರ್ ಕಟ್ಟಿದಾರಾ ಅಂಕಲ್, ನಿಮಗೇನಾದ್ರೂ ಗೊತ್ತಾ ಅಂತ ಕೇಳ್ದೆ. ಅವ್ರು ಓದಿದಾರೆ, ಎರಡು ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ. ಪಕ್ಕದ ಬ್ಲಾಕ್‌ನ ಒಬ್ರು ಮಾತ್ರ ಖಾಸಗಿಯಾಗಿ ಮೆಸೇಜ್ ಮಾಡಿದ್ರು, ಅವ್ರ ಮಗ ಸೈನ್ಯದಲ್ಲಿದಾನೆ, ಆ ದಿನಗಳಲ್ಲಿ ಅವನ ಪೋಸ್ಟಿಂಗ್ ಆ ಕಡೆಯೇ ಇತ್ತಂತೆ. ಗ್ರೂಪ್‌ನಲ್ಲಿ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ದಕ್ಕೆ, "ಅಲ್ಲಿ ಹೇಳಿದ್ರೆ ಎಲ್ರೂ ಬಂದು ಸೆಲ್ಯೂಟ್ ಹಾಕ್ತಾರೆ, ನನಗೆ ಬೇಕಾಗಿರೋದು ಅದಲ್ಲ" ಅಂದ್ರು. ಭಾನುವಾರ ಅವ್ರ ಮನೆಗೆ ಹೋಗ್ತಿದೀನಿ.