ಜೀಪಿನ ಕೇಸು

ಅಪ್ಪ ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರು ಓಟು ಹಾಕಿದ್ದು ಇಂದಿರಾ ಗಾಂಧಿಗೆ. ಎದುರಿಗಿದ್ದ ಜನತಾ ಪಕ್ಷದ ವೀರೇಂದ್ರ ಪಾಟೀಲರ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. "ಆ ಹೆಂಗಸನ್ನ ಎಷ್ಟು ಅಂತ ಗೋಳು ಹುಯ್ಕೊಳ್ತಾರೆ ಮಾರಾಯ" ಅನ್ನುತ್ತಿದ್ದರು, ಅಷ್ಟೇ. ಕೂಲಿಯವರ ಲೈನ್‌ಮನೆಗಳಲ್ಲೂ ಅದೇ ಮಾತಂತೆ. ಆಕೆ 70 ಸಾವಿರಕ್ಕೂ ಜಾಸ್ತಿ ಓಟಿನಿಂದ ಗೆದ್ದರು.

ಹೋದ ವಾರ ಮಗಳ ಜೊತೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಹಳೇ ಸೆಂಟ್ರಲ್ ಜೈಲು ಅದು. ಕಾವಲು ಗೋಪುರ ಇನ್ನೂ ನಿಂತಿದೆ. ಒಂದು ಬ್ಯಾರಕ್ಕಿನ ಜಗಲಿ ಮೇಲೆ ಹುಡುಗನೊಬ್ಬ ಕೆಎಎಸ್ ಪುಸ್ತಕ ಹಿಡಿದು ಓದುತ್ತಿದ್ದ, ಪಕ್ಕದಲ್ಲಿ ಅರ್ಧ ತಿಂದ ಚಿತ್ರಾನ್ನದ ಡಬ್ಬಿ. ಇಂದಿರಾ ಹೇರಿದ್ದ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದು ಈ ಜೈಲಿನಲ್ಲೇ. ಅವರೇನೋ ಹೊರಗೆ ಬಂದು ಮಂತ್ರಿಗಳಾದರು. ನಟಿ ಸ್ನೇಹಲತಾ ರೆಡ್ಡಿ ಕೂಡ ಇಲ್ಲೇ ಇದ್ದರು, ಸುಮಾರು ಎಂಟು ತಿಂಗಳು, ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆಯಡಿ. ವಿಪರೀತ ಉಬ್ಬಸ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಕ್ಕೆ ತೀರಿಕೊಂಡರು.

"ಇದಕ್ಕೆ ಯಾರಿಗೆ ಶಿಕ್ಷೆ ಆಯ್ತು?" ಅಂದಳು ಮಗಳು.

1977ರಲ್ಲಿ ಇಂದಿರಾ ಸೋತ ಮೇಲೆ ಬಂದ ಜನತಾ ಸರ್ಕಾರಕ್ಕೆ ಆ ಮನಸ್ಸಿತ್ತು, ತಾಳ್ಮೆ ಇರಲಿಲ್ಲ ಅಂತ ನನಗನಿಸುತ್ತದೆ. ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗ ಕೂರಿಸಿದ್ದರು. ಅದರ ವಿಚಾರಣೆ ಮುಗಿಯುವ ತನಕ ಕಾಯಬಹುದಿತ್ತು ಅಲ್ವಾ? ಕಾಯಲಿಲ್ಲ. 1977ರ ಅಕ್ಟೋಬರ್ 3ಕ್ಕೆ ಇಂದಿರಾರನ್ನು ಬಂಧಿಸಿದರು. ಆರೋಪ ಏನು ಗೊತ್ತಾ? ಚುನಾವಣೆಗೆ ಜೀಪು ಹೊಂದಿಸಿದ್ದು, ತೈಲದ ಒಂದು ಗುತ್ತಿಗೆ, ಇಂಥವು. ಮರುದಿನವೇ ಮ್ಯಾಜಿಸ್ಟ್ರೇಟರು ಬಿಟ್ಟು ಕಳಿಸಿದರು. ಚಿಕ್ಕಮಗಳೂರಿನಿಂದ ಗೆದ್ದು ಹೋದ ಮೇಲೆ ಲೋಕಸಭೆಯಿಂದ ಹೊರಹಾಕಿ ಒಂದು ವಾರ ತಿಹಾರಕ್ಕೆ ಕಳಿಸಿದರು. ಅದು ಸದನದ ಹಕ್ಕುಚ್ಯುತಿಗೆ. ವಿಚಾರಣೆಯಿಲ್ಲದೆ ಜೈಲಿಗೆ ತುಂಬಿದ್ದಕ್ಕಲ್ಲ. 1980ರ ಜನವರಿಗೆ ಆಕೆ ಮತ್ತೆ ಪ್ರಧಾನಿ.

ಬಿದ್ದವರನ್ನು ಕ್ಷಮಿಸಿ ಮುಂದೆ ಹೋಗಬೇಕು ಅನ್ನುವವರ ಮಾತು ನನಗೂ ಅರ್ಥವಾಗುತ್ತದೆ. ಆದರೆ ಏನನ್ನು ಕ್ಷಮಿಸುತ್ತಿದ್ದೇವೆ ಅಂತ ಗೊತ್ತಿರಬೇಕಲ್ಲ. ಸುಮ್ನೆ ಮರೆತುಬಿಟ್ಟರೆ ಅದನ್ನು ರಾಜಿ ಅನ್ನೋಕಾಗುತ್ತಾ?

ಅಪ್ಪ ಹೋಗುವ ಎರಡು ವರ್ಷ ಮುಂಚೆ ಸ್ನೇಹಲತಾ ಕಥೆ ಅವರಿಗೆ ಹೇಳಿದ್ದೆ. ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಒರೆಸುತ್ತಾ ಕೂತರು. ಆಮೇಲೆ, "ಇದನ್ನ ಯಾರೂ ನಮಗೆ ಹೇಳಲಿಲ್ಲ. ಜೀಪಿನ ಕೇಸು ಅಂದರು. ಅವತ್ತು ನಾವು ಓಟಿಗೆ ಹೋಗಿದ್ದೂ ಧಣಿಗಳ ಜೀಪಿನಲ್ಲೇ. ಅದೂ ಒಂದು ತಪ್ಪಾ ಅಂತ ನಕ್ಕಿದ್ವಿ" ಅಂದರು.