ಇಬ್ಬರೇ ಕುಳಿತು ಆಡಬಹುದಾದ ಮಣೆಯಾಟಗಳು

ಆಟದ ಡಬ್ಬಿಯ ಮೇಲೆ ‘2ರಿಂದ 4 ಆಟಗಾರರಿಗೆ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಅದು ಇಬ್ಬರಿಗೂ ರುಚಿಸುತ್ತದೆಂದು ನಂಬಬೇಕಾಗಿಲ್ಲ. ಕೊಳ್ಳುವ ಮೊದಲು, ಮೂರನೆಯವರು ಇಲ್ಲದಿದ್ದರೆ ಈ ಆಟದಲ್ಲಿ ಏನು ಕಳೆದುಹೋಗುತ್ತದೆ ಎಂದು ಯೋಚಿಸುವುದು ಒಳ್ಳೆಯದು. ಚೌಕಾಬಾರವನ್ನೇ ನೋಡಿ. ನಾಲ್ವರು ಸುತ್ತ ಕುಳಿತರೆ 25 ಮನೆಗಳ ಆ ಪುಟ್ಟ ಪಟದಲ್ಲಿ ಯಾರ ಕಾಯಿಯನ್ನು ಹೊಡೆಯಬೇಕು, ಯಾರನ್ನು ಬಿಡಬೇಕು ಎಂಬ ಪಕ್ಷಪಾತವೂ ಅದರಿಂದ ಹುಟ್ಟುವ ಕೂಗಾಟವೂ ಸೇರಿ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಇಬ್ಬರೇ ಆದರೆ ಅದು ಕವಡೆ ಬಿದ್ದಂತೆ ಸಾಗುವ ಓಟವಷ್ಟೇ. ಕ್ಲೌಸ್ ಟಾಯ್ಬರ್ 1995ರಲ್ಲಿ ಹೊರತಂದ ಕಟಾನ್ ಮೂಲತಃ ಮೂವರು ಅಥವಾ ನಾಲ್ವರ ಆಟ. ಸರಕಿನ ವಿನಿಮಯವೇ ಅದರ ಜೀವಾಳ. ಎದುರಾಳಿ ಒಬ್ಬರೇ ಆದಾಗ ಅವರ ಲಾಭವೆಲ್ಲ ನಮ್ಮ ನಷ್ಟವೇ ಆಗುವುದರಿಂದ ವ್ಯಾಪಾರ ಕುದುರುವುದೇ ಇಲ್ಲ.

ಮಗಳು ಓದಲೆಂದು ಬೇರೆ ಊರಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು. ನಮ್ಮ ಯಜಮಾನರು ಚದುರಂಗದಲ್ಲಿ ಪಳಗಿದವರು, ನಾನು ಅಲ್ಲ. ಇಬ್ಬರ ಆಟದ ನಿಜವಾದ ತೊಡಕು ಇದೇ. ಅದೃಷ್ಟಕ್ಕೆ ಎಡೆಯೇ ಇಲ್ಲದಿದ್ದರೆ ಪಳಗಿದವರೇ ಪ್ರತಿ ಸಲ ಗೆಲ್ಲುತ್ತಾರೆ. ಹಾವು-ಏಣಿಯಂತೆ ಎಲ್ಲವೂ ಅದೃಷ್ಟವೇ ಆದರೆ ಗೆದ್ದವರಿಗೂ ಹಿಗ್ಗಿಲ್ಲ. ಸದಾ ಒಬ್ಬರೇ ಸೋಲುತ್ತಿದ್ದರೆ ಮನಸ್ತಾಪ ತಪ್ಪಿದ್ದಲ್ಲ. ತುಳುನಾಡಿನ ಜನಪದ ಹಾಡುಗತೆಯಾದ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆಮಣೆ ಆಡುತ್ತ ಜಗಳಕ್ಕಿಳಿದು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ.

ಹಾಗೆಂದು ಚೆನ್ನೆಮಣೆಯನ್ನು ದೂರಲಾರೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ, ಎದುರುಬದುರಾಗಿ ಇಬ್ಬರು; ಮೂರನೆಯವರಿಗೆ ಅಲ್ಲಿ ಜಾಗವೇ ಇಲ್ಲ. ಘಟ್ಟದ ಮೇಲಿನ ಅಳಗುಳಿ ಮಣೆಯೂ ಇದೇ ಬಳಗದ್ದು, ಹುಣಸೆ ಬೀಜವಿದ್ದರೆ ಸಾಕು. ದಾಳವಿಲ್ಲದಿದ್ದರೂ, ಒಂದು ಗುಳಿಯಿಂದ ತೆಗೆದು ಹಂಚುತ್ತ ಹೋದ ಬೀಜ ಕೊನೆಗೆ ಎಲ್ಲಿ ನಿಲ್ಲುತ್ತದೆಂದು ಬಹಳ ಮುಂದಕ್ಕೆ ಲೆಕ್ಕ ಹಾಕುವುದು ಕಷ್ಟವಾದ್ದರಿಂದ, ಪಳಗಿದವರಿಗೂ ಹೊಸಬರಿಗೂ ನಡುವಿನ ಅಂತರ ಚದುರಂಗದಲ್ಲಿರುವಷ್ಟು ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹುಲಿ-ಕುರಿ ಆಟ. ಹಳೆಯ ದೇವಸ್ಥಾನಗಳ ಮಂಟಪದ ಕಲ್ಲುಹಾಸಿನ ಮೇಲೆ ಇಂತಹ ಆಟಗಳ ಗೆರೆಗಳನ್ನು ಕೊರೆದಿರುವುದನ್ನು ನೀವೂ ಕಂಡಿರಬಹುದು. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಕುರಿಗಳನ್ನು ಒಂದೊಂದಾಗಿ ಇಡಬೇಕು, ಎಲ್ಲವನ್ನೂ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ಓಡಾಡುತ್ತದೆ, ಕುರಿಯ ಹಿಂದಿನ ಜಾಗ ಖಾಲಿಯಿದ್ದರೆ ಅದರ ಮೇಲಿಂದ ಹಾರಿ ಅದನ್ನು ತಿನ್ನುತ್ತದೆ. ಹುಲಿಗಳಿಗೆ ಅಲುಗಾಡಲು ದಾರಿಯಿಲ್ಲದಂತೆ ಕಟ್ಟಿಹಾಕುವುದು ಕುರಿಯವರ ಗುರಿ. ಬಲವೇ ಸಮವಿಲ್ಲದ ಕಾರಣ ಅಸಮಾನ ಆಟಗಾರರಿಗೆ ಇದು ಹೇಳಿಮಾಡಿಸಿದಂತಿದೆ. ಕುರಿ ಕಾಯುವುದಕ್ಕೆ ತಾಳ್ಮೆಯೂ ಮುಂದಾಲೋಚನೆಯೂ ಹೆಚ್ಚು ಬೇಕು. ಆದ್ದರಿಂದ ಹೊಸಬರಿಗೆ ಹುಲಿ ಕೊಟ್ಟು ಪಳಗಿದವರು ಕುರಿ ಇಟ್ಟುಕೊಂಡರೆ ಪಂದ್ಯ ತೂಗುತ್ತದೆ. ಕುರಿಗಳನ್ನು ಅಂಚಿನಿಂದ ಶುರುಮಾಡಿ, ಒಂದರ ಬೆನ್ನಿಗೆ ಇನ್ನೊಂದು ಇರುವಂತೆ ಇಡುತ್ತ ಬರಬೇಕೆಂಬುದು ಎಷ್ಟೋ ಕುರಿಗಳನ್ನು ತಿನ್ನಿಸಿದ ಮೇಲೆ ತಿಳಿಯುವ ವಿದ್ಯೆ.

ಅಂಗಡಿಯಲ್ಲಿ ಸಿಗುವ ಹೊಸ ಆಟಗಳಲ್ಲಿ ಉವೆ ರೋಸೆನ್‌ಬರ್ಗ್ ಅವರ ಪ್ಯಾಚ್‌ವರ್ಕ್ (2014) ಇಬ್ಬರಿಗಾಗಿಯೇ ರೂಪಿಸಿದ್ದು. ನಾನಾ ಆಕಾರದ ಬಟ್ಟೆಯ ತುಂಡುಗಳನ್ನು, ಹಣದ ಬದಲು ಅಂಗಿಯ ಗುಂಡಿಗಳನ್ನು ಕೊಟ್ಟು ಕೊಂಡು, 9×9 ಚೌಕದಲ್ಲಿ ಜೋಡಿಸಬೇಕು. ಕೊನೆಗೆ ಉಳಿದ ಒಂದೊಂದು ಖಾಲಿ ಮನೆಗೂ ಎರಡು ಅಂಕ ಕಳೆಯುತ್ತಾರೆ. ಕೌದಿ ಹೊಲಿಯುವುದನ್ನು ನೋಡಿ ಬೆಳೆದವರಿಗೆ ನಿಯಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದರಲ್ಲಿ ಸರದಿ ಒಬ್ಬರಾದ ಮೇಲೆ ಒಬ್ಬರಿಗೆ ಬರುವುದಿಲ್ಲ, ಯಾರು ಎಷ್ಟು ಸಮಯ ಖರ್ಚು ಮಾಡಿದ್ದಾರೆಂದು ತೋರಿಸುವ ಕಾಲದ ಪಟ್ಟಿಯಲ್ಲಿ ಹಿಂದೆ ಇರುವವರೇ ಆಡುತ್ತಾರೆ. ಸೆಬಾಸ್ಟಿಯನ್ ಪೌಶೋನ್ ಅವರ ಜೈಪುರ (2009) ಇಸ್ಪೀಟಿನಂತೆ ಎಲೆಗಳಲ್ಲಿ ಆಡುವಂಥದ್ದಾದ್ದರಿಂದ ಅದನ್ನು ಮಣೆಯಾಟವೆನ್ನಲು ಕೆಲವರು ಒಪ್ಪಲಿಕ್ಕಿಲ್ಲ. ಆದರೂ ಸರಕನ್ನು ಬೇಗ ಮಾರಿದವರಿಗೆ ಹೆಚ್ಚು ಬೆಲೆ, ಕೂಡಿಟ್ಟು ಒಟ್ಟಿಗೆ ಮಾರಿದವರಿಗೆ ಇನಾಮು ಎಂಬ ಎಳೆದಾಟ ಅದರಲ್ಲಿ ಸೊಗಸಾಗಿದೆ, ಎಲೆ ಬೀಳುವ ಅದೃಷ್ಟವೂ ಹದವಾಗಿದೆ. ನಮ್ಮಲ್ಲಿ ಗೆಲುವು ಸರಿಸುಮಾರು ಸಮನಾಗಿ ಹಂಚಿಹೋಗುವುದು ಇದರಲ್ಲಿಯೇ.

ಸ್ಪರ್ಧೆಯೇ ಬೇಡವೆನಿಸಿದ ದಿನಗಳಿಗೆ ಕೋಡ್‌ನೇಮ್ಸ್ ಡ್ಯುಯೆಟ್ (2017) ಇದೆ. ಮೇಜಿನ ಮೇಲೆ ಹರಡಿದ 25 ಪದಗಳಲ್ಲಿ, ಗುಟ್ಟಿನ ಎಲೆಯಲ್ಲಿ ಗುರುತು ಹಾಕಿದ 15ನ್ನು, ಒಬ್ಬರಿಗೊಬ್ಬರು ಒಂದೊಂದೇ ಪದದ ಸುಳಿವು ಕೊಡುತ್ತ, ಇಬ್ಬರೂ ಸೇರಿ ಪತ್ತೆ ಹಚ್ಚಬೇಕು. ಡಬ್ಬಿಯಲ್ಲಿ ಬರುವುದು ಇಂಗ್ಲಿಷ್ ಪದಗಳು. ನಾವು ಅವನ್ನು ಬದಿಗಿಟ್ಟು, ರಟ್ಟಿನ ಚೂರುಗಳ ಮೇಲೆ ಮುತ್ತು, ಕಾಡು, ಸೇರು, ಹತ್ತು ಮುಂತಾದ ಕನ್ನಡ ಪದಗಳನ್ನು ಬರೆದುಕೊಂಡಿದ್ದೇವೆ. ಎರಡು ಮೂರು ಅರ್ಥಗಳಿರುವ ಪದಗಳನ್ನೇ ಹುಡುಕಿ ಹಾಕಿದಷ್ಟೂ ಸುಳಿವು ಕೊಡುವುದು ರಂಗೇರುತ್ತದೆ. ಈ ಸಲ ರಜೆಗೆ ಬಂದಾಗ ಮಗಳು ಇನ್ನೊಂದು ಕಂತೆಯನ್ನೇ ಬರೆದಿಟ್ಟು ಹೋಗಿದ್ದಾಳೆ, ಅದರಲ್ಲಿ ಅರ್ಧದಷ್ಟು ಪದಗಳು ನಮ್ಮನ್ನು ಸೋಲಿಸಲೆಂದೇ ಆರಿಸಿದಂತಿವೆ.